ಒತ್ತಕ್ಷರಕ್ಕೆ ಜಾಗ: ಚೈಲ್ಡ್ ಥೀಮ್ ಮತ್ತು ಕನ್ನಡ ಜಾಲತಾಣದ ಹೊರರೂಪ

ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಜಾಲತಾಣದ ಹೊರರೂಪವನ್ನು ನಿರ್ಧರಿಸುವ ಕಡತಗಳ ಸಮೂಹವನ್ನು ಥೀಮ್ ಎಂದೂ, ಆ ಮೂಲ ಥೀಮನ್ನು ಮುಟ್ಟದೆ ತಾಣದವರು ತಮಗೆ ಬೇಕಾದ ಬದಲಾವಣೆಗಳನ್ನಷ್ಟೇ ಬರೆದಿಡುವ ಪುಟ್ಟ ಥೀಮನ್ನು ಚೈಲ್ಡ್ ಥೀಮ್ ಎಂದೂ ಕರೆಯುತ್ತಾರೆ. ಇಂಗ್ಲಿಷ್ ತಾಣಗಳಿಗೆ ಈ ಪದ್ಧತಿ ಬಹುಮಟ್ಟಿಗೆ ಅಲಂಕಾರದ ಅನುಕೂಲ. ಜನಪ್ರಿಯ ಥೀಮುಗಳಲ್ಲಿ ಹೆಚ್ಚಿನವು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದವಾದ್ದರಿಂದ, ಕನ್ನಡದ ತಾಣಗಳಿಗಾದರೋ ಇದು ಓದಿಗೇ ಸಂಬಂಧಿಸಿದ ಅಗತ್ಯ.

ಚೈಲ್ಡ್ ಥೀಮಿನ ಫೋಲ್ಡರಿನಲ್ಲಿ ಇರಲೇಬೇಕಾದದ್ದು ಸ್ಟೈಲ್ ಡಾಟ್ ಸಿಎಸ್‌ಎಸ್ ಎಂಬ ಕಡತ. ಅದರ ಆರಂಭದ ‘ಟೆಂಪ್ಲೇಟ್’ ಎಂಬ ಸಾಲು ಮೂಲ ಥೀಮಿನ ಫೋಲ್ಡರನ್ನು ಹೆಸರಿಸುತ್ತದೆ. ಸಿಎಸ್‌ಎಸ್ ಎಂದರೆ ಬಣ್ಣ, ಅಕ್ಷರದ ಗಾತ್ರ, ಅಂತರಗಳನ್ನು ಬ್ರೌಸರಿಗೆ ತಿಳಿಸುವ ನಿಯಮಗಳ ಭಾಷೆ. ಸಮಾನ ತೂಕದ ಎರಡು ನಿಯಮಗಳು ಎದುರಾದಾಗ ನಂತರ ಬಂದದ್ದೇ ಗೆಲ್ಲುವುದರಿಂದ, ಮೂಲದ ಬಳಿಕ ಲೋಡ್ ಆಗುವಂತೆ ಜೋಡಿಸಿದ ಚೈಲ್ಡ್ ಥೀಮಿನ ಮಾತು ನಡೆಯುತ್ತದೆ. ಮೂಲ ಕಡತವನ್ನೇ ತಿದ್ದಿದವರ ಶ್ರಮ ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋದರೆ, ಚೈಲ್ಡ್ ಥೀಮಿನಲ್ಲಿ ಬರೆದದ್ದು ಉಳಿಯುತ್ತದೆ.

ಕನ್ನಡಕ್ಕೆ ಇದರಿಂದ ಆಗುವ ಉಪಕಾರವನ್ನು ಅರಿಯಲು ಮಂಡ್ಯ ಜಿಲ್ಲೆಯ ಊರುಗಳ ಹೆಸರುಗಳೇ ಸಾಕು. ಶೀರ್ಷಿಕೆಗಳ ಲೈನ್-ಹೈಟ್, ಅಂದರೆ ಪ್ರತಿ ಸಾಲಿಗೆ ಮೀಸಲಾದ ಎತ್ತರ, ಹಲವು ಥೀಮುಗಳಲ್ಲಿ ಅಕ್ಷರಗಾತ್ರದ 1.1 ಅಥವಾ 1.2 ಪಟ್ಟು ಮಾತ್ರ ಇರುತ್ತದೆ. ಆ ಇಕ್ಕಟ್ಟಿನಲ್ಲಿ ‘ಶ್ರೀರಂಗಪಟ್ಟಣ’ ಮತ್ತು ‘ಕೃಷ್ಣರಾಜಪೇಟೆ’ ಒಂದರ ಕೆಳಗೊಂದು ಬಂದರೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ನೆತ್ತಿಗೆ ತಾಗುತ್ತವೆ. ಎತ್ತರ ನಿಗದಿಯಾದ ಪೆಟ್ಟಿಗೆಯಿಂದ ಹೊರಚಾಚಿದ್ದನ್ನು ಕತ್ತರಿಸುವ ‘ಓವರ್‌ಫ್ಲೋ: ಹಿಡನ್’ ನಿಯಮವೂ ಸೇರಿಕೊಂಡರೆ ಹಾನಿ ಇನ್ನೂ ದೊಡ್ಡದು: ‘ಮದ್ದೂರು’ ತನ್ನ ಒತ್ತನ್ನು ಕಳೆದುಕೊಂಡು ‘ಮದೂರು’ ಆಗುತ್ತದೆ, ‘ಮಳವಳ್ಳಿ’ ‘ಮಳವಳಿ’ ಆಗುತ್ತದೆ. ಊರಿನ ಹೆಸರನ್ನೇ ತಪ್ಪಾಗಿ ತೋರಿಸುವ ಪುಟ ಎಷ್ಟೇ ಅಂದವಾಗಿದ್ದರೂ ಸೋತ ಪುಟವೇ. ಚೈಲ್ಡ್ ಥೀಮಿನಲ್ಲಿ ‘ಲೈನ್-ಹೈಟ್: 1.7’ ಎಂಬಂಥ ಒಂದು ಸಾಲು ಬರೆದು, ಪೆಟ್ಟಿಗೆಯ ಎತ್ತರದ ಕಟ್ಟನ್ನು ಸಡಿಲಿಸಿದರೆ ಈ ದೋಷ ನೀಗುತ್ತದೆ. ಇಲ್ಲಿ ಪಿಕ್ಸೆಲ್ ಎಂಬ ಅಳತೆಯನ್ನು ಸೇರಿಸದೆ ಬರಿಯ ಸಂಖ್ಯೆಯನ್ನಷ್ಟೇ ಕೊಡುವುದು ಮುಖ್ಯ. ಮಂಡ್ಯದ ತಾಣವೂ ಸೇರಿದಂತೆ ಜಿಲ್ಲಾಡಳಿತಗಳ ತಾಣಗಳಲ್ಲಿ ಅಕ್ಷರ ಹಿಗ್ಗಿಸುವ ಗುಂಡಿಗಳಿರುತ್ತವಲ್ಲ, ಅಂಥ ಸೌಲಭ್ಯವಿರುವಲ್ಲಿ ಅಕ್ಷರದೊಂದಿಗೆ ಸಾಲಿನ ಎತ್ತರವೂ ಬೆಳೆಯಬೇಕಾಗುತ್ತದೆ.

ಅಕ್ಷರಶೈಲಿಯ ವಿಷಯವೂ ಹೀಗೆಯೇ. ಥೀಮು ಹೆಸರಿಸಿದ ಫಾಂಟಿನಲ್ಲಿ ಕನ್ನಡವಿಲ್ಲದಿದ್ದಾಗ ಬ್ರೌಸರು ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಪಲ್ ಸಾಧನಗಳಲ್ಲಿ ಇನ್ನೊಂದು ಎಂದು ಸಿಕ್ಕಿದ್ದನ್ನು ಬಳಸುವುದರಿಂದ ಒಂದೇ ಪುಟ ಒಂದೊಂದು ಕಡೆ ಒಂದೊಂದು ಬಗೆಯಾಗಿ ಕಾಣುತ್ತದೆ. ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ತಿರೊ ಕನ್ನಡ ಮೊದಲಾದ ಮುಕ್ತ ಫಾಂಟುಗಳು ದೊರೆಯುತ್ತಿರುವಾಗ ಈ ಆಯ್ಕೆಯನ್ನು ಆಕಸ್ಮಿಕಕ್ಕೆ ಬಿಡುವುದು ಸಲ್ಲದು. ಇಂಗ್ಲಿಷಿನ ದೊಡ್ಡಕ್ಷರಗಳಿಗೆಂದು ಇಟ್ಟ ಹೆಚ್ಚುವರಿ ಅಕ್ಷರಾಂತರವನ್ನೂ ಕನ್ನಡಕ್ಕೆ ಸೊನ್ನೆ ಮಾಡುವುದು ಲೇಸು.

ಆದರೆ ಚೈಲ್ಡ್ ಥೀಮುಗಳ ಚಾಲ್ತಿಯಲ್ಲಿರುವ ಬಳಕೆ ಮೆಚ್ಚುವಂತಿಲ್ಲ. ಗೆಲ್ಲದ ನಿಯಮಕ್ಕೆಲ್ಲ ‘ಇಂಪಾರ್ಟೆಂಟ್’ ಎಂಬ ಬಾಲ ಅಂಟಿಸುತ್ತ ಹೋದರೆ ಸಿಎಸ್‌ಎಸ್‌ನ ಸಹಜ ಆದ್ಯತಾಕ್ರಮವೇ ಕೆಟ್ಟು, ಮುಂದೆ ತಿದ್ದುವವರಿಗೆ ದಾರಿ ಕಾಣುವುದಿಲ್ಲ. ಪುಟದ ರಚನೆಯನ್ನು ನಿರ್ಧರಿಸುವ, ಮೂಲದ ಟೆಂಪ್ಲೇಟ್ ಕಡತಗಳನ್ನು ಇಡಿಯಾಗಿ ನಕಲು ಮಾಡಿಟ್ಟುಕೊಂಡರೆ, ಆ ಕಡತಗಳಲ್ಲಿ ಮೂಲಕರ್ತರು ಸರಿಪಡಿಸಿದ ದೋಷಗಳು ನಕಲಿನಲ್ಲಿ ಹಾಗೆಯೇ ಉಳಿಯುತ್ತವೆ. ಪದ್ಧತಿಗೇ ಅಂಟಿದ ಕೊರತೆಯೊಂದೂ ಇದೆ: ಮೂಲ ಥೀಮು ತನ್ನ ಭಾಗಗಳ ಹೆಸರು ಬದಲಿಸಿದರೆ ಚೈಲ್ಡ್ ಥೀಮಿನ ನಿಯಮಗಳು ಯಾವ ಎಚ್ಚರಿಕೆಯನ್ನೂ ಕೊಡದೆ ನಿಷ್ಕ್ರಿಯವಾಗುತ್ತವೆ.

2022ರ ಜನವರಿಯಲ್ಲಿ ಬಂದ ವರ್ಡ್‌ಪ್ರೆಸ್ 5.9, ಕೋಡ್ ಬರೆಯದೆಯೇ ಇಡೀ ತಾಣದ ರೂಪವನ್ನು ಬದಲಿಸುವ ಸಂಪಾದಕವನ್ನು ಒದಗಿಸಿದ್ದರಿಂದ ಚೈಲ್ಡ್ ಥೀಮಿನ ಕಾಲ ಮುಗಿಯಿತೆಂಬ ಮಾತು ಕೇಳಿಬರುತ್ತದೆ. ಬಣ್ಣ, ಗಾತ್ರಗಳ ಮಟ್ಟಿಗೆ ಅದು ನಿಜವಿರಬಹುದು. ಆದರೆ ಅಲ್ಲಿ ಮಾಡಿದ ಬದಲಾವಣೆಗಳು ಆ ತಾಣದ ಡೇಟಾಬೇಸಿನಲ್ಲಿ ಉಳಿಯುತ್ತವೆ. ಕನ್ನಡಕ್ಕೆಂದು ಎಚ್ಚರದಿಂದ ಬರೆದ ಚೈಲ್ಡ್ ಥೀಮ್ ಕಡತರೂಪದಲ್ಲಿರುವುದರಿಂದ, ಅದೇ ಮೂಲ ಥೀಮನ್ನು ಬಳಸುವ ಮಳವಳ್ಳಿಯ ಶಾಲೆಗೂ ಮದ್ದೂರಿನ ಸಹಕಾರ ಸಂಘಕ್ಕೂ ಹಾಗೆಯೇ ಕೊಡಬಹುದು. ಇಂಥ ಕಡತದಲ್ಲಿ ನಿಯಮಗಳನ್ನು ಕನ್ನಡ ಪಠ್ಯಕ್ಕಷ್ಟೇ ಅನ್ವಯಿಸುವಂತೆ, ಪುಟದ ಭಾಷೆ ಯಾವುದೆಂದು ಬ್ರೌಸರಿಗೆ ಹೇಳುವ ಭಾಷಾಗುರುತಿಗೆ ಕಟ್ಟಿಹಾಕುವುದು ಅತ್ಯುತ್ತಮ ಕ್ರಮ. ತಾಣದ ಭಾಷೆಯನ್ನು ಸೆಟ್ಟಿಂಗ್ಸ್‌ನಲ್ಲಿ ಕನ್ನಡವೆಂದು ನಮೂದಿಸದೆ ಇಂಗ್ಲಿಷಿಗೇ ಬಿಟ್ಟಿದ್ದರೆ ಮಾತ್ರ ಪುಟದ ತುಂಬ ಕನ್ನಡವಿದ್ದರೂ ಬ್ರೌಸರು ಅದನ್ನು ಇಂಗ್ಲಿಷೆಂದೇ ತಿಳಿಯುತ್ತದೆ, ಆ ನಿಯಮಗಳಲ್ಲಿ ಒಂದೂ ಜಾರಿಗೆ ಬರುವುದಿಲ್ಲ.