ಒಂಬತ್ತು ಇಂಚಿನ ಪ್ರತಿಷ್ಠೆ

ಹಳೆಯ ಅಮೆರಿಕನ್ ಪಿಕಪ್ ಟ್ರಕ್ಕುಗಳಿಗೆ ಹೊಸ ಎಂಜಿನ್ ಕೂರಿಸಿ ಮತ್ತೆ ಕಟ್ಟುವವರ ವಲಯದಲ್ಲಿ ಫೋರ್ಡ್ ಕಂಪನಿಯ ಒಂಬತ್ತು ಇಂಚಿನ ಹಿಂದಿನ ಆಕ್ಸಲ್ ಪ್ರಶ್ನಿಸಬಾರದ ವಸ್ತುವಾಗಿ ಉಳಿದಿದೆ. 1957ರಿಂದ 1986ರವರೆಗೆ ನಡೆದ ಈ ವಿನ್ಯಾಸದ ಚರಿತ್ರೆ ಗೊತ್ತಿರುವುದೇ ಆದ್ದರಿಂದ ಅದನ್ನು ಮತ್ತೆ ಹೇಳಬೇಕಾಗಿಲ್ಲ. ಪರಿಶೀಲಿಸಬೇಕಾದದ್ದು, 1967ರಿಂದ 1972ರ ನಡುವಿನ ಷೆವರ್ಲೆ ಸಿ10ನಂಥ ಟ್ರಕ್ಕಿನಲ್ಲಿ ಕಾರ್ಖಾನೆಯೇ ಕೂರಿಸಿದ್ದ ಹನ್ನೆರಡು ಬೋಲ್ಟಿನ ಆಕ್ಸಲನ್ನು ಕಿತ್ತೆಸೆದು ಅದರ ಜಾಗಕ್ಕೆ ಇದನ್ನು ತರಲೇಬೇಕೆಂಬ ವಾದಕ್ಕೆ ಎಷ್ಟು ಬಲವಿದೆ ಎಂಬುದನ್ನು ಮಾತ್ರ.

ಕ್ರೌನ್ ಎಂದರೆ ಚಕ್ರಗಳ ಕಡೆಗೆ ತಿರುಗುಬಲವನ್ನು ಹಾಯಿಸುವ ದೊಡ್ಡ ಹಲ್ಲುಗಾಲಿ, ಪಿನಿಯನ್ ಎಂದರೆ ಅದನ್ನು ತಿರುಗಿಸುವ ಚಿಕ್ಕ ಹಲ್ಲುಗಾಲಿ. ಫೋರ್ಡಿನ ಕ್ರೌನ್ ಒಂಬತ್ತು ಇಂಚು, ಷೆವರ್ಲೆಯದು 8.875 ಇಂಚು, ಇವೆರಡರ ಅಂತರ ಮೂರು ಮಿಲಿಮೀಟರಿನಷ್ಟೇ ಆಗಿರುವಾಗ ಹೆಸರಿನಲ್ಲಿರುವ ಅಂಕಿಯನ್ನೇ ಬಲದ ಅಳತೆಯೆಂದು ಹಿಡಿಯುವುದು ಹಾಸ್ಯಾಸ್ಪದ. ನಿಜವಾದ ವ್ಯತ್ಯಾಸ ಪಿನಿಯನ್ ಕೂತಿರುವ ಎತ್ತರದಲ್ಲಿದೆ. ಹನ್ನೆರಡು ಬೋಲ್ಟಿನದರಲ್ಲಿ ಅದು ಕ್ರೌನಿನ ಮಧ್ಯರೇಖೆಗಿಂತ ಸುಮಾರು ಒಂದೂವರೆ ಇಂಚು ಕೆಳಗಿದ್ದರೆ, ಫೋರ್ಡಿನದರಲ್ಲಿ ಎರಡೂಕಾಲು ಇಂಚಿನಷ್ಟು ಕೆಳಗಿಳಿದಿದೆ. ಹೀಗೆ ಕೆಳಗಿಳಿದಷ್ಟೂ ಒಮ್ಮೆಗೆ ಹೆಚ್ಚು ಹಲ್ಲುಗಳು ಕಚ್ಚಿಕೊಳ್ಳುತ್ತವೆ, ಪಿನಿಯನ್ನೂ ದಪ್ಪವಾಗಬಲ್ಲದು. ಜೊತೆಗೆ ಪಿನಿಯನ್ನಿನ ಮೂತಿಗೆ ಮೂರನೆಯ ಬೇರಿಂಗಿನ ಆಸರೆ ಇರುವುದರಿಂದ ಒತ್ತಡ ಬಿದ್ದಾಗ ಅದು ಕ್ರೌನಿನಿಂದ ದೂರ ಸರಿಯುವುದು ಕಡಿಮೆ. ಇಲ್ಲಿಯವರೆಗೆ ಹೊಗಳಿಕೆ ನ್ಯಾಯವಾದದ್ದೇ. ಆದರೆ ಹಲ್ಲುಗಳು ಉರುಳುವ ಬದಲು ಒಂದರ ಮೇಲೊಂದು ಜಾರುವುದೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಜಾರುವಲ್ಲಿ ಬಿಸಿ ಹುಟ್ಟುತ್ತದೆ, ಆ ಬಿಸಿಯೆಲ್ಲ ಎಂಜಿನ್ ಕೊಟ್ಟ ಶಕ್ತಿಯಿಂದಲೇ ಕಳೆದುಹೋದದ್ದು. ದಿನವೂ ಹೆದ್ದಾರಿಯಲ್ಲಿ ಓಡುವ ಟ್ರಕ್ಕು ತನಗೆ ಬೇಕಿಲ್ಲದ ಬಲಕ್ಕಾಗಿ ಪ್ರತಿ ಮೈಲಿಗೂ ಈ ತೆರಿಗೆ ಕಟ್ಟುತ್ತಲೇ ಇರುತ್ತದೆ.

ಬೇಕಿಲ್ಲದ ಬಲ ಎಂಬ ಮಾತಿಗೆ ಆಕ್ಷೇಪ ಬರುವುದು ಅಶ್ವಶಕ್ತಿಯ ಪಂಥದವರಿಂದ. ಇಂತಿಷ್ಟು ಅಶ್ವಶಕ್ತಿ ದಾಟಿದರೆ ಇಂಥದೇ ಆಕ್ಸಲ್ ಎಂದು ಪಟ್ಟಿ ಹಾಕಿಕೊಡುವ ಈ ಪಂಡಿತರು ಚಕ್ರ ನೆಲವನ್ನು ಮುಟ್ಟುವ ಜಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 5.3 ಲೀಟರಿನ ವಿ8 ಎಂಜಿನ್ 450 ನ್ಯೂಟನ್ ಮೀಟರ್ ತಿರುಗುಬಲ ಕೊಟ್ಟು, ಅದು ಗೇರ್‌ಬಾಕ್ಸಿನ ಮೊದಲ ಗೇರಿನಲ್ಲಿ 3.06ರಷ್ಟು, ಆಕ್ಸಲಿನಲ್ಲಿ 3.73ರಷ್ಟು ಗುಣಿತವಾದರೆ ಸುಮಾರು 5,100 ಆಗುತ್ತದೆ ಎಂಬುದು ಸರಿಯೇ. ಆದರೆ ಖಾಲಿ ಪಿಕಪ್ಪಿನ ಹಿಂದಿನ ಚಕ್ರಗಳ ಮೇಲೆ 800 ಕಿಲೋ ಭಾರ, ಟೈರಿನ ಹಿಡಿತದ ಗುಣಾಂಕ 0.9, ಚಕ್ರದ ತ್ರಿಜ್ಯ 0.36 ಮೀಟರ್ ಎಂದು ಹಿಡಿದರೆ ರಸ್ತೆ ತಡೆದುಕೊಳ್ಳುವುದು 2,500ರ ಆಸುಪಾಸು ಮಾತ್ರ. ಅದನ್ನು ಮೀರಿದರೆ ಟೈರು ಹೊಗೆಯಾಡುತ್ತ ಜಾರುತ್ತದೆ, ಆಕ್ಸಲಿಗೆ ಉಳಿದ ಬಲ ತಾಕುವುದೇ ಇಲ್ಲ. ಹಠಾತ್ತನೆ ಹೊರಟಾಗ ಭಾರ ಹಿಂದಕ್ಕೆ ವಾಲಿ ಈ ಮಿತಿ ಒಂದಿಷ್ಟು ಏರುತ್ತದೆ, ಚಕ್ರ ಪುಟಿದು ಮತ್ತೆ ನೆಲ ಕಚ್ಚಿದಾಗ ಬೀಳುವ ಪೆಟ್ಟು ಇನ್ನೂ ಜೋರು, ನಿಜ. ಆದರೂ ಅಂಟುವ ರೇಸಿನ ಟೈರು ಹಾಕದವರಿಗೆ ಆಕ್ಸಲಿನ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಟೈರು ಮತ್ತು ಹೊರೆ, ಎಂಜಿನ್ ಅಲ್ಲ.

ಒಂಬತ್ತು ಇಂಚಿನದರ ನಿಜವಾದ ಗುಣ ಬೇರೆಡೆ ಇದೆ: ಕ್ರೌನ್, ಪಿನಿಯನ್ ಎರಡನ್ನೂ ಹೊತ್ತ ನಡುಭಾಗವನ್ನು ಮುಂದಿನಿಂದ ಇಡಿಯಾಗಿ ಕಳಚಬಹುದು, ಆದ್ದರಿಂದ ಗೇರಿನ ಅನುಪಾತ ಬದಲಿಸುವುದು ಸುಲಭ. ಚಕ್ರದ ಶಾಫ್ಟು ಮುರಿದರೂ ಹೊರತುದಿಯಲ್ಲಿ ಅದನ್ನು ಬಿಗಿಹಿಡಿದ ತಟ್ಟೆಯಿರುವುದರಿಂದ ಚಕ್ರ ಕಳಚಿ ಹೋಗುವುದಿಲ್ಲ. ಶಾಫ್ಟನ್ನು ಒಳತುದಿಯಲ್ಲಿ ಚಿಕ್ಕ ಕ್ಲಿಪ್ಪಿನಿಂದ ಹಿಡಿದಿಡುವ ಹನ್ನೆರಡು ಬೋಲ್ಟಿನದಕ್ಕೆ ಈ ಭರವಸೆಯಿಲ್ಲ, ಇದು ಸಣ್ಣ ದೋಷವೂ ಅಲ್ಲ. ಆದರೆ ಇವೆರಡೂ ಅನುಕೂಲ ಮತ್ತು ಸುರಕ್ಷತೆಯ ಗುಣಗಳೇ ಹೊರತು ಬಲದ ಸಾಕ್ಷ್ಯವಲ್ಲ. ಗುಜರಿಯಲ್ಲಿ ಸಿಗುವ ಹಳೆಯ ಒಂಬತ್ತು ಇಂಚಿನವುಗಳಲ್ಲಿ ಎಷ್ಟೋ ತೆಳು ಶಾಫ್ಟಿನವು, ಶಾಫ್ಟಿನ ತುದಿಯಲ್ಲಿ 31ರ ಬದಲು 28 ಗೀರುಹಲ್ಲುಗಳಿರುವವು. ಗಟ್ಟಿಯೆಂದು ಕೊಂಡಾಡುವ ಮಾದರಿ ಬಹುಪಾಲು ಈಚೆಗೆ ಬೇರೆ ತಯಾರಕರು ಬಲಪಡಿಸಿ ಎರಕಹೊಯ್ದದ್ದು. ಅದರ ಕೀರ್ತಿಯನ್ನು ಹಳೆಯ ಫೋರ್ಡಿನ ಖಾತೆಗೆ ಬರೆಯುವುದು ವಿಮರ್ಶೆಯಲ್ಲ, ಭಕ್ತಿ. ಸಿ10ರ ಹಿಂಬದಿಯ ಉದ್ದ ತೋಳುಗಳಿಗೂ ಕಾಯಿಲ್ ಸ್ಪ್ರಿಂಗಿಗೂ ಹೊಂದುವಂತೆ ಹೊಸ ಆಕ್ಸಲಿಗೆ ಬ್ರಾಕೆಟ್ ಬೆಸೆಯುವ, ಚಕ್ರದ ಸ್ಟಡ್ಡುಗಳು 1970ರವರೆಗೆ ಆರು, 1971ರಿಂದ ಐದು ಎಂಬುದನ್ನು ನೋಡಿ ಹೊಂದಿಸುವ ಖರ್ಚನ್ನೂ ಈ ಭಕ್ತರು ಬೆಲೆಯಲ್ಲಿ ಸೇರಿಸುವುದಿಲ್ಲ.

ಟ್ರಕ್ಕು ನಿಜವಾಗಿ ಹೊರೆ ಹೊರಬೇಕಾದಾಗಲೂ ಒಂಬತ್ತು ಇಂಚು ಉತ್ತರವಲ್ಲ. 1973ರಿಂದ ಬಂದ ಜನರಲ್ ಮೋಟಾರ್ಸ್‌ನ ಹದಿನಾಲ್ಕು ಬೋಲ್ಟಿನ, 10.5 ಇಂಚು ಕ್ರೌನಿನ ಆಕ್ಸಲಿನಲ್ಲೂ ಪಿನಿಯನ್ನಿಗೆ ಮೂರನೆಯ ಬೇರಿಂಗ್ ಇದೆ. ಅದಕ್ಕಿಂತ ಮುಖ್ಯವಾಗಿ, ಅದು ಗಾಡಿಯ ಭಾರವನ್ನು ಕೊಳವೆಯ ತುದಿಯ ಮೇಲೆಯೇ ಹೊತ್ತು ಶಾಫ್ಟಿಗೆ ತಿರುಗಿಸುವ ಕೆಲಸವೊಂದನ್ನೇ ಉಳಿಸುತ್ತದೆ. ಅದು ತೂಕದ್ದು, ಒರಟಾದದ್ದು, ನೋಟಕ್ಕೂ ಚೆಂದವಲ್ಲ. ಅದರ ಎಂಟು ಸ್ಟಡ್ಡಿನ ಚಕ್ರಗಳು ಪ್ರದರ್ಶನದ ಗಾಡಿಗೆ ಒಪ್ಪುವುದಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಬದಿಗಿಡುವವರು ಬಲದ ಮಾತನ್ನಾದರೂ ಎತ್ತದಿರುವುದು ಒಳಿತು.