ನೀನು, ನೀವು ಮತ್ತು ಒಂದು ಹಡಗು

ಜಮೈಕಾ ಕಿನ್‌ಕೇಡ್ ಅವರ ‘ಎ ಸ್ಮಾಲ್ ಪ್ಲೇಸ್’ ಎಂಬ ಸಣ್ಣ ಪುಸ್ತಕವನ್ನು ಕನ್ನಡಕ್ಕೆ ತರಲು ಹೊರಟವರಿಗೆ ಮೊದಲ ಪುಟದಲ್ಲೇ ಒಂದು ತೊಡಕು ಎದುರಾಗುತ್ತದೆ. ಪುಸ್ತಕ ಶುರುವಾಗುವುದೇ ಪ್ರವಾಸಿಯನ್ನು ಎದುರಿಗೆ ನಿಲ್ಲಿಸಿಕೊಂಡು. ವಿಮಾನದಿಂದ ಇಳಿಯುವಾಗ ಏನು ಕಾಣುತ್ತದೆ, ಟ್ಯಾಕ್ಸಿಯಲ್ಲಿ ಕೂತು ಏನು ಯೋಚಿಸುತ್ತೀಯ, ಈಜುವ ಸಮುದ್ರಕ್ಕೆ ಹೋಟೆಲಿನ ಪಾಯಖಾನೆಯ ನೀರು ಬಂದು ಸೇರುವುದು ಗೊತ್ತೇ ಎಂದು ಒಂದೇ ಸಮನೆ ಕೇಳುತ್ತಾ ಹೋಗುತ್ತಾರೆ. ಇಂಗ್ಲಿಷಿನ ‘ಯೂ’ ಎಲ್ಲರಿಗೂ ಒಂದೇ. ಕನ್ನಡದಲ್ಲಿ ಮಾತ್ರ ಮೊದಲ ವಾಕ್ಯ ಬರೆಯುವ ಮುನ್ನವೇ ತೀರ್ಮಾನ ಮಾಡಬೇಕು: ಈ ಪ್ರವಾಸಿ ‘ನೀನು’ ಆಗಬೇಕೋ, ‘ನೀವು’ ಆಗಬೇಕೋ?

ಮೇಲಿನ ವಾಕ್ಯದಲ್ಲಿ ನಾನು ‘ಯೋಚಿಸುತ್ತೀಯ’ ಎಂದು ಬರೆದುಬಿಟ್ಟಿದ್ದೇನೆ. ಅದು ಸರಿಯೇ ಎಂಬುದು ಈ ಲೇಖನದ ವಿಷಯ.

ಪುಸ್ತಕ ಬಂದದ್ದು 1988ರಲ್ಲಿ. ಲೇಖಕಿಯ ಹೆಸರಿನಲ್ಲಿ ಜಮೈಕಾ ಇದ್ದರೂ ಅವರು ಆಂಟಿಗುವಾ ದ್ವೀಪದವರು. 1949ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ಎಲೇನ್ ಪಾಟರ್ ರಿಚರ್ಡ್ಸನ್. ಕೊನೆಕೊಯ್ಲು ಮುಗಿದ ಮೇಲೆ, ಮಾರ್ಚಿನಲ್ಲಿ, ಮಗಳು ಅಳಿಯ ನಮ್ಮಿಬ್ಬರನ್ನು ಮಯಾಮಿಯಿಂದ ಹೊರಡುವ ಏಳು ರಾತ್ರಿಗಳ ಕೆರಿಬಿಯನ್ ಕ್ರೂಸಿಗೆ ಕರೆದುಕೊಂಡು ಹೋದಾಗ ಈ ಪುಸ್ತಕ ನನ್ನ ಚೀಲದಲ್ಲಿತ್ತು. ಜೊತೆಗೆ ಡೇವಿಡ್ ಫಾಸ್ಟರ್ ವಾಲೇಸ್ ಅವರ ಕ್ರೂಸ್ ಪ್ರಬಂಧ. 1995ರ ಮಾರ್ಚಿನಲ್ಲಿ ಅವರೂ ಏಳು ರಾತ್ರಿ ಇದೇ ಸಮುದ್ರದಲ್ಲಿ ತಿರುಗಿ, ಮರುವರ್ಷ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಬರೆದದ್ದು ಅದು.

ನಮ್ಮ ಕಡೆ ಕ್ರೂಸ್ ಈಗ ಅಂಥ ಹೊಸತೇನಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮಕ್ಕಳು ಅಮೆರಿಕೆಯಲ್ಲಿರುವ ತೋಟದ ಮನೆಗಳು ಬೇಕಾದಷ್ಟಿವೆ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ಬೌಧಾಯನ ಧರ್ಮಸೂತ್ರದ ಕಾಲದಿಂದ ನಂಬಿಕೊಂಡು ಬಂದವರ ಮೊಮ್ಮಕ್ಕಳು ಈಗ ಅಪ್ಪ ಅಮ್ಮನನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಂಡು, ನಡುವೆ ಒಂದು ವಾರ ಸಮುದ್ರದಲ್ಲೂ ತಿರುಗಿಸುತ್ತಾರೆ. ತಿರುಗಿ ಬಂದವರಲ್ಲಿ ಬರೆಯುವ ಹವ್ಯಾಸ ಇದ್ದವರು ಬರೆಯುತ್ತಾರೆ. ಷಷ್ಟ್ಯಬ್ದಿಯ ಹೊತ್ತಿಗೆ ಹಂಚಿದ ಪುಸ್ತಿಕೆ, ವಾಟ್ಸ್ಯಾಪಿನಲ್ಲಿ ಹದಿನಾಲ್ಕು ಕಂತು, ಹೀಗೆ ಕೆಲವನ್ನು ನಾನು ಓದಿದ್ದೇನೆ. ಮನೆಮಟ್ಟಿಗೆ ಬರೆದವುಗಳ ಹೆಸರು ಹೇಳಿ ವಿಮರ್ಶೆ ಮಾಡುವುದು ಚಂದವಲ್ಲ. ಆದರೆ ಅವುಗಳಲ್ಲಿ ಎರಡು ಸಂಗತಿ ತಪ್ಪದೆ ಇರುತ್ತವೆ. ಹಡಗಿಗೆ ಎಷ್ಟು ಅಂತಸ್ತು ಎಂಬುದು ಒಂದು, ಸಸ್ಯಾಹಾರ ಸಿಕ್ಕಿತೇ ಇಲ್ಲವೇ ಎಂಬುದು ಇನ್ನೊಂದು. ಎರಡನೆಯದು ಓದಲು ಯಾವಾಗಲೂ ರುಚಿಯಾಗಿರುತ್ತದೆ.

ಈ ಬರಹಗಳ ಹಿರಿಯಜ್ಜ ಗೊರೂರರ ‘ಅಮೆರಿಕದಲ್ಲಿ ಗೊರೂರು’. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕ, ಮಕ್ಕಳ ಮನೆಗೆ ಹೋದ ಹಿರಿಯರು ಅಮೆರಿಕೆಯನ್ನು ತಮ್ಮೂರಿನ ಪಕ್ಕಕ್ಕಿಟ್ಟು ನೋಡುವ ಬಗೆಯನ್ನು ಕನ್ನಡದಲ್ಲಿ ನೆಲೆಗೊಳಿಸಿತು. ನಮ್ಮ ಜಿಲ್ಲೆಯವರೇ ಆದ ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’ ಅದಕ್ಕೂ ಮೊದಲಿನದು. ಆ ‘ನೂ’ದಲ್ಲೇ ಅರ್ಧ ವಿನೋದವಿದೆ. ಇನ್ನೂ ಹಿಂದಕ್ಕೆ ಹೋದರೆ ಗೋಕಾಕರ ‘ಸಮುದ್ರಗೀತೆಗಳು’. ಓದಲು ಇಂಗ್ಲೆಂಡಿಗೆ ಹೊರಟ ಕವಿಗೆ ಹಡಗು ಒಂದು ದಾರಿ. ದಾರಿಯಲ್ಲಿ ಸಮುದ್ರ ಎದುರಾಯಿತು, ಕವಿತೆಯಾಯಿತು. ಕ್ರೂಸಿನಲ್ಲಿ ದಾರಿಯೇ ಇಲ್ಲ. ಹೊರಟ ಬಂದರಿಗೇ ವಾಪಸು ತಂದು ಬಿಡುತ್ತಾರೆ. ಹಡಗೇ ಊರು, ಸಮುದ್ರ ಕಿಟಕಿಯ ಪರದೆ. ಇಂಥ ಪ್ರವಾಸದ ಬಗ್ಗೆ ಬರೆಯುವವನಿಗೆ ತನ್ನನ್ನು ಬಿಟ್ಟರೆ ಬರೆಯಲು ಬೇರೇನೂ ಸಿಗುವುದಿಲ್ಲ ಎಂಬುದೇ ಕಷ್ಟ.

ವಾಲೇಸ್ ಆ ಕಷ್ಟವನ್ನೇ ಬಂಡವಾಳ ಮಾಡಿಕೊಂಡರು. ಮುದ್ದು ಮಾಡಿಸಿಕೊಳ್ಳಲು ಹಣ ಕೊಟ್ಟು ಬಂದ ಮನುಷ್ಯ ದಿನದಿಂದ ದಿನಕ್ಕೆ ಹೇಗೆ ಹಟಮಾರಿ ಕೂಸಾಗುತ್ತಾನೆ, ಪಕ್ಕದಲ್ಲಿ ಇನ್ನೊಂದು ಹಡಗು ಬಂದು ನಿಂತಾಗ ಹೇಗೆ ಅವನ ಹೊಟ್ಟೆ ಉರಿಯುತ್ತದೆ ಎಂದು ಅವರು ಬರೆದದ್ದನ್ನು ಓದುವಾಗ ನಗು ತಡೆಯಲಾಗುವುದಿಲ್ಲ. ಅರ್ಧ ಗಂಟೆ ಕ್ಯಾಬಿನ್ನಿನಿಂದ ಹೊರಗಿದ್ದರೆ ಸಾಕು, ಯಾರೋ ಬಂದು ಹಾಸಿಗೆ ಸರಿಮಾಡಿ ಹೋಗಿರುತ್ತಾರೆ, ಯಾವಾಗ ಬಂದರು ಎಂಬುದು ಮಾತ್ರ ಕಾಣುವುದಿಲ್ಲ ಎಂಬ ಅವರ ಬೆರಗು ನನ್ನದೂ ಆಯಿತು. ಮೂವತ್ತು ವರ್ಷದಲ್ಲಿ ಹಡಗು ದೊಡ್ಡದಾಗಿದೆ, ಅಷ್ಟೆ. 2024ರಲ್ಲಿ ಮಯಾಮಿಯಿಂದ ಹೊರಡಲು ಶುರುಮಾಡಿದ ‘ಐಕಾನ್ ಆಫ್ ದ ಸೀಸ್’ ಹಡಗಿಗೆ ಇಪ್ಪತ್ತು ಅಂತಸ್ತು, ಏಳು ಸಾವಿರಕ್ಕೂ ಮೀರಿದ ಪ್ರಯಾಣಿಕರು. ಇದನ್ನು ಬರೆಯುವಾಗ ನಾನೂ ಅಂತಸ್ತು ಎಣಿಸುವವರ ಸಾಲಿಗೆ ಸೇರಿದೆ ಎಂಬುದು ಗೊತ್ತಿದೆ.

ಆದರೆ ವಾಲೇಸರ ಓದು ನನಗೆ ಒಂದು ಹಂತದ ಆಚೆಗೆ ಒದಗಲಿಲ್ಲ. ಉಪಚಾರ ಎಂಬುದನ್ನು ಅವರು ಮಾರುಕಟ್ಟೆಯಲ್ಲಿ ಮೊದಲ ಸಲ ಕಂಡವರಂತೆ ಬರೆಯುತ್ತಾರೆ. ನಾನು ಉಪಚಾರದ ಊರಿನವನು. ಮನೆಗೆ ಬಂದವರಿಗೆ ಮೊದಲು ‘ಆಸ್ರಿಗೆ’ ಕೇಳಬೇಕು, ಊಟದ ಪಂಕ್ತಿಯಲ್ಲಿ ಯಜಮಾನ ಬಗ್ಗಿ ಬಗ್ಗಿ ವಿಚಾರಿಸಬೇಕು, ಬೇಡವೆಂದರೂ ಇನ್ನೊಂದು ಹೋಳಿಗೆ ಬೀಳಬೇಕು. ನಮ್ಮ ಪಂಕ್ತಿಯಲ್ಲಿ ಉಂಡವರಿಗೇ ದಕ್ಷಿಣೆ. ಹಡಗಿನಲ್ಲಿ ಉಂಡವರು ಕೊಡಬೇಕು, ತಲೆಗೆ ದಿನಕ್ಕೆ ಇಷ್ಟು ಡಾಲರ್ ಟಿಪ್ಸು ಎಂದು ಲೆಕ್ಕಕ್ಕೆ ಸೇರಿಸಿಯೇ ಬಿಡುತ್ತಾರೆ. ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಗೋವಾದವನು. ಮೂರನೆಯ ದಿನದಿಂದ, ಹೇಳದೆಯೇ, ನಮಗೆ ಬೇರೆಯಾಗಿ ತೊವ್ವೆ ಮಾಡಿಸಿ ತರುತ್ತಿದ್ದ. ಎಂಟು ತಿಂಗಳ ಕರಾರು, ಊರಲ್ಲಿ ಎರಡು ವರ್ಷದ ಮಗು. ನನ್ನ ಹೆಂಡತಿ ಅವನನ್ನು ‘ಮಾಣಿ’ ಎಂದೇ ಕರೆದಳು. ಹವ್ಯಕರ ಬಾಯಲ್ಲಿ ಮಾಣಿ ಎಂದರೆ ಮನೆಯ ಹುಡುಗ. ಉಳಿದ ಕನ್ನಡದಲ್ಲಿ ಹೋಟೆಲಿನಲ್ಲಿ ತಿಂಡಿ ತಂದಿಡುವವನು. ಅವಳು ಯಾವ ಅರ್ಥದಲ್ಲಿ ಕರೆದಳೆಂದು ನಾನು ಕೇಳಲಿಲ್ಲ.

ಬಂದರು ಬಂದಾಗಲೂ ವಾಲೇಸ್ ಹೆಚ್ಚಾಗಿ ಹಡಗಿನಲ್ಲೇ ಉಳಿಯುತ್ತಾರೆ, ಮೇಲಿನಿಂದ ಬಗ್ಗಿ ನೋಡುತ್ತಾರೆ. ಕೆಳಗೆ ಇಳಿಯುತ್ತಿರುವ ತನ್ನ ದೇಶದವರ ದಡ್ಡುತನ ಅವರಿಗೆ ಚೆನ್ನಾಗಿ ಕಾಣುತ್ತದೆ. ದಡದ ಮೇಲೆ ನಿಂತವರು ಕಾಣುವುದಿಲ್ಲ. ಕಿನ್‌ಕೇಡ್ ನಿಂತಿರುವುದು ಅಲ್ಲಿ. ಎಲ್ಲ ಊರಿನವರೂ ಎಲ್ಲಾದರೂ ಪ್ರವಾಸಿಗಳಾಗಬಹುದು, ಆದರೆ ಜಗತ್ತಿನ ಹೆಚ್ಚಿನವರಿಗೆ ತಮ್ಮ ಊರಿನ ಬೇಸರದಿಂದ ತಪ್ಪಿಸಿಕೊಂಡು ಹೋಗುವಷ್ಟು ಹಣವಿಲ್ಲ, ಅದಕ್ಕೇ ಅವರು ಪ್ರವಾಸಿಯನ್ನು ಕಂಡು ಕುದಿಯುತ್ತಾರೆ ಎಂಬುದು ಅವರ ವಾದದ ತಿರುಳು. ಅವರ ಪ್ರವಾಸಿ ಬಿಳಿಯ, ಅಮೆರಿಕೆಯಿಂದಲೋ ಯುರೋಪಿನಿಂದಲೋ ಬಂದವ. ಆದ್ದರಿಂದ ಯಲ್ಲಾಪುರ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಶಿರಸಿಯಲ್ಲಿ ಓದಿ, ಸಿದ್ದಾಪುರದಲ್ಲಿ ಕೆಲವು ವರ್ಷ ಪಾಠ ಹೇಳಿದ ನನ್ನಂಥವನು ಈ ಬೈಗುಳದಿಂದ ಹೊರಗಿದ್ದೇನೆ ಎಂದು ಆರಾಮಾಗಿ ಓದಬಹುದು. ವಸಾಹತುಶಾಹಿಯ ಪಾಠ ಮಾಡುವ ನಮ್ಮ ತರಗತಿಗಳಲ್ಲಿ ಇಂಥ ಪುಸ್ತಕಗಳನ್ನು ಹಾಗೆಯೇ ಓದಿಸುತ್ತೇವೆ. ಬ್ರಿಟಿಷರು ನಮ್ಮನ್ನೂ ಆಳಿದರು, ನಾವೂ ಅವರ ಕಡೆಯವರೇ.

ನಮ್ಮ ಹಡಗು ನಿಂತದ್ದು ಆಂಟಿಗುವಾದಲ್ಲಲ್ಲ, ಜಮೈಕಾದ ಫಾಲ್ಮತ್ ಎಂಬ ಊರಿನಲ್ಲಿ. ಒಂದು ಕಾಲಕ್ಕೆ ಸಕ್ಕರೆ ಹೇರಿಕೊಂಡು ಹೋಗುವ ಹಡಗುಗಳ ಬಂದರು. 2011ರಿಂದ ಅಲ್ಲಿ ಕ್ರೂಸ್ ಹಡಗುಗಳಿಗೆಂದೇ ಕಟ್ಟಿದ ಧಕ್ಕೆ ಇದೆ; ಧಕ್ಕೆಯ ಸುತ್ತ ಬೇಲಿ, ಬೇಲಿಯೊಳಗೆ ಚೊಕ್ಕ ಅಂಗಡಿ, ಆಚೆಗೆ ನಿಜವಾದ ಊರು. ಬೇಲಿ ದಾಟಿದ ಕೂಡಲೇ ಮರದ ಗೊಂಬೆ, ಮಣಿಸರ ಮಾರುವ ಹೆಂಗಸರ ಸಾಲು. ಅವರಲ್ಲಿ ಒಬ್ಬರ ಮುಖ, ನಿಂತ ಭಂಗಿ, ಸೊಂಟಕ್ಕೆ ಕೈಯಿಟ್ಟ ರೀತಿ ನೋಡಿ ನನ್ನ ಬಾಯಿಗೆ ಕನ್ನಡ ಬಂದೇಬಿಟ್ಟಿತ್ತು. ನಮ್ಮ ತೋಟಕ್ಕೆ ಅಡಿಕೆ ಸುಲಿಯಲು ಬರುತ್ತಿದ್ದ ಸಿದ್ದಿ ಹೆಂಗಸೊಬ್ಬರ ಅಕ್ಕ ತಂಗಿ ಎನ್ನಬೇಕು. ನೀವು ಎಲ್ಲಿಯವರು ಎಂದು ಆಕೆ ಕೇಳಿದರು. ಇಂಡಿಯಾ ಎಂದೆ. ಅಲ್ಲಿ ಕರಿಯರಿದ್ದಾರೆಯೇ? ಇದ್ದಾರೆ, ನನ್ನ ತಾಲ್ಲೂಕಿನಲ್ಲೇ ಇದ್ದಾರೆ ಎಂದೆ. ಆಕೆ ಕೈಯಲ್ಲಿದ್ದ ಸರ ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: ಅವರನ್ನು ಯಾವ ಹಡಗು ತಂದಿತು?

ಪೋರ್ಚುಗೀಸರ ಹಡಗು, ಗೋವಾಕ್ಕೆ, ಎಂದೆ. ಆಕೆ ತಲೆಯಾಡಿಸಿ ಸರದ ಬೆಲೆ ಹೇಳಿದರು.

ನಮ್ಮ ಪ್ರವಾಸ ಕಥನಗಳಲ್ಲಿ ಎಲ್ಲ ಹಡಗುಗಳೂ ಇವೆ, ಆ ಹಡಗು ಇಲ್ಲ. ಅಟ್ಲಾಂಟಿಕ್ ದಾಟಿಸಲು ಹಡಗಿಗೆ ತುಂಬಿದ ಆಫ್ರಿಕನ್ನರ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷ ಎಂದು ಇತಿಹಾಸಕಾರರು ಹಡಗು ಹಡಗಿನ ದಾಖಲೆ ಕೂಡಿಸಿ ಲೆಕ್ಕ ಹಾಕಿದ್ದಾರೆ. ಇಪ್ಪತ್ತು ಲಕ್ಷದಷ್ಟು ಜನ ದಡ ಮುಟ್ಟಲಿಲ್ಲ. ಜಮೈಕಾದಲ್ಲಿ ಗುಲಾಮಗಿರಿ ಪೂರ್ತಿ ಮುಗಿದದ್ದು 1838ರಲ್ಲಿ. ತೋಟಗಳಿಗೆ ಆಳು ಬೇಕಾಯಿತು, 1845ರ ಮೇ ತಿಂಗಳಲ್ಲಿ ‘ಬ್ಲಂಡೆಲ್ ಹಂಟರ್’ ಎಂಬ ಹಡಗು ಭಾರತದ ಕೂಲಿಗಳ ಮೊದಲ ತಂಡವನ್ನು ಅಲ್ಲಿ ಇಳಿಸಿತು. ಅವರೊಂದಿಗೆ ರೊಟ್ಟಿ ಹೋಯಿತು, ಗಾಂಜಾ ಎಂಬ ಮಾತೂ ಹೋಯಿತು. ಇತ್ತ ಪಶ್ಚಿಮ ಕರಾವಳಿಯಲ್ಲಿ, ಹದಿನಾರನೆಯ ಶತಮಾನದಿಂದ ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ತಂದವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿಯ ಸಿದ್ದಿಯರ ಪೂರ್ವಿಕರಲ್ಲಿ ಹೆಚ್ಚಿನವರು ಹೀಗೆ ಬಂದವರು. ಸಂಸ್ಕೃತದಲ್ಲಿ ‘ಪ್ರವಾಸ’ ಎಂದರೆ ಮನೆಯಿಂದ ದೂರ ಇರುವುದು, ಗಡೀಪಾರೂ ಹೌದು. ನಮ್ಮಲ್ಲಿ ಆ ಶಬ್ದ ಟಿಕೆಟ್ಟು ತೆಗೆದು ಹೋಗಿ ಬರುವುದಕ್ಕೆ ಕುಗ್ಗಿದೆ. ಹೋದವರು ಮರಳಿ ಬಂದರೆ ಮಾತ್ರ ಪ್ರವಾಸ ಕಥನ. ಮರಳದವರದ್ದು ಯಾವ ಪ್ರಕಾರ ಎಂದು ನಮ್ಮ ಸಾಹಿತ್ಯ ಚರಿತ್ರೆಗಳು ಕೇಳಿಲ್ಲ.

ಹಾಗೆಂದು ನಮ್ಮ ಕಡೆ ಯಾರಿಗೂ ಈ ನೆಂಟಸ್ತಿಕೆ ಹೊಳೆದಿರಲಿಲ್ಲ ಎನ್ನುವಂತಿಲ್ಲ. ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ 1980ರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಚಿನುವ ಅಚಿಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಆಧರಿಸಿದ ನಾಟಕವನ್ನು ಸಿದ್ದಿ ನಟರಿಂದ ಆಡಿಸಿದ್ದರು. ನೈಜೀರಿಯಾದ ಹಳ್ಳಿಯೊಂದು ಬಿಳಿಯರ ಕೈಯಲ್ಲಿ ಮುರಿದುಬೀಳುವ ಕತೆ ಘಟ್ಟದ ಕನ್ನಡದಲ್ಲಿ, ಆಫ್ರಿಕಾದಿಂದ ಬಂದವರ ಮರಿಮಕ್ಕಳ ಮೈಯಲ್ಲಿ. ಕನ್ನಡದ ಅನುವಾದ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅನಂತರ ಬೇರೆ ಬದಲಾವಣೆಗಳೂ ಆದವು. 2003ರಲ್ಲಿ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕ್ರೂಸ್ ಬರಹಗಳಲ್ಲಿ ಮಾತ್ರ ಕೆರಿಬಿಯನ್ ದಡದ ಜನರ ಬಗ್ಗೆ ಒಂದೇ ವಾಕ್ಯ ಬರುತ್ತದೆ: ಥೇಟ್ ನಮ್ಮ ಸಿದ್ದಿಗಳ ಹಾಗೆ. ಮುಂದಿನ ವಾಕ್ಯದಲ್ಲಿ ಊಟ.

ಆ ಒಂದು ವಾಕ್ಯದ ‘ನಮ್ಮ’ ನನ್ನನ್ನು ಕಾಡಿತು. ‘ನಮ್ಮ ತೋಟ’, ‘ನಮ್ಮ ಬೆಟ್ಟ’, ‘ನಮ್ಮ ಕೊನೆಗೌಡ’ ಎನ್ನುವಾಗಿನ ‘ನಮ್ಮ’ವೇ ಅದು. ಈ ‘ನಮ್ಮ’ದ ಜೊತೆಗೆ ಹೋಗುವ ಮಾತು ‘ನೀನು’. ನಾವು ಅವರಿಗೆ ‘ನೀನು’, ಅವರು ನಮಗೆ ‘ನೀವು’, ಅದಕ್ಕೂ ಮೇಲೆ ‘ಒಡೆಯಾ’. ಕಿನ್‌ಕೇಡ್ ಇಂಗ್ಲಿಷಿನಲ್ಲಿ ಬರೆದದ್ದರಿಂದ ಈ ಏಣಿಯನ್ನು ಒಂದೇ ನೆಗೆತಕ್ಕೆ ದಾಟಿದರು. ಕನ್ನಡದಲ್ಲಿ ಒಂದೊಂದೇ ಮೆಟ್ಟಿಲು ಹತ್ತಬೇಕು. ಹಡಗಿನ ಏಳನೆಯ ದಿನ, ಸುತ್ತ ಬರೀ ನೀರು, ನಾನು ಮೊದಲ ನಾಲ್ಕು ಪುಟಗಳನ್ನು ಎರಡು ಬಗೆಯಲ್ಲಿ ಅನುವಾದಿಸಿದೆ. ‘ನೀನು’ ಎಂದಾಗ ಬೈಗುಳಕ್ಕೆ ಕಾವು ಬಂತು, ಆದರೆ ಬಹಳ ಸುಲಭವಾಗಿ ಬಂತು. ದಣಿಗೆ ಕೂಲಿಯಾಳು ‘ನೀನು’ ಎನ್ನುವುದು ನಮ್ಮ ನಾಟಕ ಸಿನಿಮಾಗಳಲ್ಲಿ ಕೊನೆಯ ದೃಶ್ಯ. ಅಲ್ಲಿ ಚಪ್ಪಾಳೆ ಬೀಳುತ್ತದೆ, ಕೂತು ನೋಡುವ ದಣಿಯೂ ತಟ್ಟುತ್ತಾನೆ. ‘ನೀವು’ ಎಂದಾಗ ಗೈಡು ಮಾತಾಡಿದ ಹಾಗೆ ಸಪ್ಪಗಾಯಿತು. ಬಹುವಚನ ಬೇರೆ ಸೇರಿ, ಬೈಗುಳ ಒಬ್ಬನ ಮೇಲೆ ಬೀಳದೆ ಗುಂಪಿನ ಮೇಲೆ ಚೆದುರಿತು.

ಊರಿಗೆ ಬಂದ ಮೇಲೆ ಎರಡನ್ನೂ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರಿಗೆ ಕೊಟ್ಟೆ. ಸಿದ್ದಿ ಸಮುದಾಯದವರು, ಈಗ ಶಿಕ್ಷಕಿ. ವಾರ ಬಿಟ್ಟು ‘ನೀನು’ ಇದ್ದ ಪ್ರತಿಯನ್ನು ಹಾಗೆಯೇ ವಾಪಸು ಕೊಟ್ಟರು. ‘ನೀವು’ ಇದ್ದ ಪ್ರತಿಯಲ್ಲಿ ಕೆಂಪು ಪೆನ್ನಿನ ಗುರುತು ತುಂಬ ಇದ್ದವು.

“ಎಷ್ಟೇ ಸಿಟ್ಟು ಬಂದ್ರೂ ನಿಮ್ಮಂಥವ್ರಿಗೆ ನಾವು ನೀವು ಅಂತ್ಲೇ ಹೇಳೂದು ಸರ್,” ಎಂದರು. “ನೀವು ಬರೆದ ‘ನೀವು’ನಲ್ಲಿ ಹೆದರಿಕೆ ಅದೆ. ನಮ್ದು ಹಾಂಗಿರೂದಿಲ್ಲ.”

ಅವರು ಮಾಡಿದ ತಿದ್ದುಪಡಿ ಸಣ್ಣದು. ನಾನು ‘ತಾವು ದಯವಿಟ್ಟು ಗಮನಿಸಿರಲಿಕ್ಕಿಲ್ಲ’ ಎಂಬ ಧಾಟಿಯಲ್ಲಿ ಉದ್ದ ಎಳೆದ ವಾಕ್ಯಗಳನ್ನೆಲ್ಲ ಕಡಿದು, ‘ನೀವು ಬಂದ್ರಿ. ನೋಡಿದ್ರಿ. ಉಂಡ್ರಿ’ ಎಂದು ತುಂಡು ಮಾಡಿದ್ದರು. ಎರಡನೆಯ ಪುಟದಲ್ಲಿ ನಾನು ‘ಪ್ರವಾಸಿಗರೇ’ ಎಂದು ಬರೆದದ್ದನ್ನು ಹೊಡೆದು ‘ಹೆಗಡೇರೆ’ ಎಂದು ಬರೆದಿದ್ದರು. ಉಳಿದ ಪುಟಗಳನ್ನು ಅನುವಾದಿಸಿ ಎಂದು ಕೇಳಿದ್ದೇನೆ. ರಜೆ ಬರಲಿ, ನೋಡುವ ಎಂದಿದ್ದಾರೆ.