ಅಜ್ಜಿಯ ಕೋಳಿಯೂ ಅರ್ಧ ಮುಗಿದ ಚಿತ್ರವೂ

ಮಾಟುಂಗದ ಕನ್ನಡಿಗರಿಗೆ ನಾಟಕದ ತಾಲೀಮು ಹೊಸದಲ್ಲ. ಆಫೀಸು ಮುಗಿಸಿ, ಲೋಕಲ್ ಹಿಡಿದು ಬಂದ ನಟರು ಮಾತು ಒಪ್ಪಿಸುತ್ತಿರುವಾಗ ಹಿಂದಿನ ಕುರ್ಚಿಯಿಂದ ಹಿರಿಯರೊಬ್ಬರು, "ಅಲ್ಲಪ್ಪಾ, ಆ ಮಾತನ್ನು ಅಷ್ಟು ಬೇಗ ನುಂಗಬೇಡ" ಎನ್ನುತ್ತಾರೆ. ನಟ ಮುಖ ಸಿಂಡರಿಸಿದರೂ ಮರುದಿನ ತಿದ್ದಿಕೊಂಡಿರುತ್ತಾನೆ. ನಾಟಕಕ್ಕೆ ಈ ಸೌಕರ್ಯವುಂಟು. ಇಂದು ಕೆಟ್ಟದ್ದನ್ನು ಮುಂದಿನ ಪ್ರಯೋಗದಲ್ಲಿ ಸರಿಪಡಿಸಬಹುದು. ಚಲಚ್ಚಿತ್ರ ಒಮ್ಮೆ ಪರದೆಗೆ ಬಂದಮೇಲೆ ಮುಗಿಯಿತು. ಹೇಳಬೇಕಾದ್ದನ್ನು ಅದು ಅರ್ಧವಾಗಿರುವಾಗಲೇ ಹೇಳಬೇಕು. ಹೇಳುವವರು ಯಾರು, ಹೇಗೆ ಹೇಳಬೇಕು ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಒಂದು ಕನ್ನಡ ಚಿತ್ರದ ದೆಸೆಯಿಂದ.

2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಉತ್ಸವದ 'ಲಾ ಸಿನೆಫ್' ವಿಭಾಗದಲ್ಲಿ, ಎಂದರೆ ಚಿತ್ರಶಾಲೆಗಳ ವಿದ್ಯಾರ್ಥಿಗಳಿಗೆಂದೇ ಮೀಸಲಾದ ಸ್ಪರ್ಧೆಯಲ್ಲಿ, ಮೈಸೂರಿನ ಚಿದಾನಂದ ಎಸ್. ನಾಯ್ಕರ ಕನ್ನಡ ಕಿರುಚಿತ್ರಕ್ಕೆ ಮೊದಲ ಬಹುಮಾನ ಬಂತು. 555 ಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆರಿಸಿದ್ದು 18. ಆ ಹದಿನೆಂಟರಲ್ಲಿ ಇದು ಮೊದಲನೆಯದು. 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' ಎಂಬ ಉದ್ದ ಹೆಸರು, ಹದಿನಾರು ನಿಮಿಷದ ಚಿತ್ರ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಒಂದು ವರ್ಷದ ಟೆಲಿವಿಷನ್ ವ್ಯಾಸಂಗದ ಕೊನೆಯಲ್ಲಿ ಒಪ್ಪಿಸಬೇಕಾದ ಅಭ್ಯಾಸಪಾಠ ಇದು. ನಿರ್ದೇಶನ ನಾಯ್ಕರದು, ಕ್ಯಾಮೆರಾ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಧ್ವನಿ ಅಭಿಷೇಕ್ ಕದಂ. ನಾಲ್ಕು ಬೇರೆ ಬೇರೆ ವಿಭಾಗಗಳ ನಾಲ್ವರು ವಿದ್ಯಾರ್ಥಿಗಳು ಒಂದೇ ಚಿತ್ರಕ್ಕೆ ಕೈಹಚ್ಚಬೇಕೆಂಬುದು ಆ ಪಾಠದ ಕ್ರಮ.

ಈ ಕ್ರಮದಲ್ಲೇ ಒಂದು ವಿಮರ್ಶೆ ಅಡಗಿದೆ ಎಂದು ನನಗನ್ನಿಸುತ್ತದೆ. ನಿರ್ದೇಶಕನ ಮನಸ್ಸಿನಲ್ಲಿ ಕಥೆ ತುಂಬಿರುತ್ತದೆ. ತೆಗೆದ ದೃಶ್ಯದಲ್ಲಿ ಇಲ್ಲದ್ದೂ ಅವನಿಗೆ ಕಾಣುತ್ತದೆ. ಸಂಕಲನಕಾರನಿಗೆ ಕಾಣುವುದು ತೆಗೆದದ್ದು ಮಾತ್ರ. ಚಿತ್ರೀಕರಣದ ದಿನ ಮಳೆ ಬಂತೋ, ದೀಪ ಕೆಟ್ಟಿತೋ ಅವನಿಗೆ ಬೇಕಿಲ್ಲ. "ಈ ಮುದುಕಿ ಯಾಕೆ ಎದ್ದಳು? ನನಗೆ ತಿಳಿಯಲಿಲ್ಲ" ಎಂದು ಕೇಳುವ ಹಕ್ಕು ಅವನದು. ಧ್ವನಿಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಮಾತೇ ಬೇಡ, ಕೇಳಿಸಿದರೆ ಸಾಕು ಎನ್ನಬಹುದು. ಫಿಲ್ಮ್ ಸುರುಳಿಯ ಕಾಲದಲ್ಲಿ ಇದಕ್ಕೆ ಬಿಗಿ ಹೆಚ್ಚಿತ್ತು. ಸಾವಿರ ಅಡಿಯ 35 ಮಿ.ಮೀ. ಸುರುಳಿ ಓಡುವುದು ಸುಮಾರು ಹನ್ನೊಂದು ನಿಮಿಷ; ಅದನ್ನು ಅಳೆದು ಕೊಡುತ್ತಿದ್ದರು. ಈಗ ಎಷ್ಟು ಬೇಕಾದರೂ ತೆಗೆಯಬಹುದು, ಆದ್ದರಿಂದ 'ಇದು ಬೇಡ' ಎನ್ನುವವನ ಬೆಲೆ ಹೆಚ್ಚಿದೆ.

ಕಥೆ ನಮಗೆ ಗೊತ್ತಿದ್ದದ್ದೇ. ತನ್ನ ಕೋಳಿ ಕೂಗಿದರೇನೇ ಊರಿಗೆ ಬೆಳಗಾಗುವುದೆಂದು ನಂಬಿದ ಅಜ್ಜಿ, ಮುನಿಸಿಕೊಂಡು ಕೋಳಿಯನ್ನು ಕಂಕುಳಲ್ಲಿಟ್ಟು ಊರು ಬಿಡುತ್ತಾಳೆ. ಊರಿಗೆ ಎಂದಿನಂತೆ ಬೆಳಗಾಗುತ್ತದೆ. ಜಂಬದವರನ್ನು ಕಂಡಾಗ "ನಿನ್ನ ಕೋಳಿಯಿಂದಲೇ ಬೆಳಗಾಗಬೇಕೇ?" ಎಂದು ಇಂದಿಗೂ ಆಡಿಕೊಳ್ಳುತ್ತೇವೆ. ನಾಯ್ಕರ ಚಿತ್ರದಲ್ಲಿ ಮುದುಕಿ ಊರ ಹುಂಜವನ್ನು ಕದಿಯುತ್ತಾಳೆ. ನೇಸರು ನಿಜವಾಗಿಯೂ ಮೂಡುವುದಿಲ್ಲ. ಹುಂಜ ಮರಳಲೆಂದು ಕಣಿ ಕೇಳಿ, ಅವಳ ಮನೆಯವರನ್ನೇ ಊರಿನಿಂದ ಹೊರಗಟ್ಟುತ್ತಾರೆ. ಜನಪದ ಕಥೆ ಅಜ್ಜಿಯನ್ನು ನೋಡಿ ನಕ್ಕಿತ್ತು. ಚಿತ್ರ ಅವಳ ಮಾತನ್ನು ನಿಜ ಮಾಡಿ, ಬುದ್ಧಿಗೆಟ್ಟದ್ದು ಊರೇ ಎಂದು ತೋರಿಸುತ್ತದೆ. ಈ ತಿರುವು ಚಿತ್ರದ ಜೀವ. ಆದರೆ ಇದರ ಪೂರ್ಣ ರುಚಿ ಮೂಲಕಥೆ ಬಲ್ಲವರಿಗೆ ಮಾತ್ರ. ಪರದೇಶದ ಪ್ರೇಕ್ಷಕ ನೋಡುವುದು ಒಂದು ವಿಚಿತ್ರ ಕತ್ತಲೆಯ ಕಥೆ. ಕನ್ನಡಿಗ ನೋಡುವುದು ತಾನು ಹಿಂದೆ ನಕ್ಕ ನಗೆಗೆ ಕೊಟ್ಟ ಉತ್ತರ. ಬಹುಮಾನ ಮೊದಲನೆಯದಕ್ಕೆ ಬಂತೆಂದು ನನ್ನ ಗುಮಾನಿ. ಎರಡನೆಯದಕ್ಕೆ ಮನ್ನಣೆ ಕೊಡಬೇಕಾದವರು ನಾವು.

ಇಲ್ಲೊಂದು ವಿಷಯ ಹೇಳಲೇಬೇಕು. ಈ ಚಿತ್ರವನ್ನು ಮಾಡಬೇಡವೆಂದು ತಮಗೆ ಹೇಳಲಾಗಿತ್ತೆಂದೂ, ಚಿತ್ರೀಕರಣಕ್ಕೆ ಇದ್ದದ್ದು ನಾಲ್ಕೇ ದಿನವೆಂದೂ ಕಾನ್‌ನಲ್ಲಿ ನಾಯ್ಕರೇ ಹೇಳಿದರು. ಕೇಳಿದವರು ಸಹಜವಾಗಿ ಚಪ್ಪಾಳೆ ತಟ್ಟುತ್ತಾರೆ: ಬೇಡವೆಂದವರು ಸೋತರು! ನನಗೆ ಹಾಗೆನ್ನಿಸಲಿಲ್ಲ. ಸೂರ್ಯನೇ ಇಲ್ಲದ ಊರು, ಜೊತೆಗೊಂದು ಹುಂಜ, ಕೈಯಲ್ಲಿ ನಾಲ್ಕು ದಿನ. ಅನುಭವಸ್ಥರು ಯಾರೇ ಆದರೂ "ಬೇಡ ಮಗೂ" ಎನ್ನುತ್ತಿದ್ದರು. ಹುಂಜಕ್ಕೆ ತಾಲೀಮು ಕೊಡಲಾದೀತೆ? ಕತ್ತಲೆಯನ್ನು ಕಾಣಿಸಲು ಬೆಳಕನ್ನು ಆಳಬೇಕು. ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್'ಗೆ ಕನ್ನಡಿ ಹಿಡಿದು ಬಿಸಿಲುಕೋಲನ್ನೇ ಸ್ಟುಡಿಯೋದೊಳಕ್ಕೆ ಇಳಿಸಿದ್ದು ಮುಂಬಯಿಯವರಿಗೆ ಮರೆತಿಲ್ಲ. ಆ ಬುದ್ಧಿವಾದ ಆಗುವ ಹೋಗುವ ಮಾತಿಗೆ ಸಂಬಂಧಿಸಿದ್ದು. ಕೃತಿಯ ಬಗ್ಗೆ ಹೇಳುವ ಮಾತು ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಹುಡುಗ ಎರಡನ್ನೂ ಕೇಳುವುದಿಲ್ಲ. ಇಲ್ಲವೇ ಎರಡನ್ನೂ ಕೇಳಿ ಸುಮ್ಮನಾಗಿಬಿಡುತ್ತಾನೆ. ಹಾಗೆ ಸುಮ್ಮನಾದವರ ಚಿತ್ರಗಳು ಯಾವ ಉತ್ಸವದ ಲೆಕ್ಕಕ್ಕೂ ಸಿಗುವುದಿಲ್ಲ.

ನಾಯ್ಕರು ವೈದ್ಯವಿದ್ಯೆ ಓದಿ ಪುಣೆಗೆ ಹೋದವರು. ಅವರಿಗಿಂತ ಅರ್ಧ ಶತಮಾನ ಮೊದಲು ಔಷಧಶಾಸ್ತ್ರ ಓದಿ ಅದೇ ಪ್ರಭಾತ್ ಸ್ಟುಡಿಯೋದ ಅಂಗಳ ಸೇರಿದವರು ಗಿರೀಶ ಕಾಸರವಳ್ಳಿ. 1975ರಲ್ಲಿ ಮುಗಿಸಿದ ಅವರ ವಿದ್ಯಾರ್ಥಿ ಚಿತ್ರ 'ಅವಶೇಷ' ರಾಷ್ಟ್ರಪ್ರಶಸ್ತಿ ಪಡೆಯಿತು. 1977ರಲ್ಲಿ 'ಘಟಶ್ರಾದ್ಧ', ಅದಕ್ಕೆ ಸ್ವರ್ಣಕಮಲ. ಆ 'ಘಟಶ್ರಾದ್ಧ'ವೇ ಹೊಸದಾಗಿ ಸಂಸ್ಕರಿಸಿದ ಪ್ರತಿಯಲ್ಲಿ 2024ರಲ್ಲಿ ವೆನಿಸ್ ಉತ್ಸವಕ್ಕೆ ಹೋಯಿತು. ಕಾನ್‌ಗೊಂದು, ವೆನಿಸ್‌ಗೊಂದು ಎಂದು ಆ ವರ್ಷ ನಾವು ಹೆಮ್ಮೆಪಟ್ಟೆವು, ಪಡಬೇಕಾದ್ದೇ. ಆದರೆ 'ಅವಶೇಷ'ವನ್ನು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ನಾಟಕದವರ ಮೊದಲ ತಪ್ಪುಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ, ಮೆಚ್ಚಿ ಬೈದಿದ್ದೇವೆ. ಚಿತ್ರಕಾರರ ಮೊದಲ ತೊದಲು ನಮ್ಮ ಕಿವಿಗೆ ಬಿದ್ದದ್ದೇ ಇಲ್ಲ.

ಇನ್ನು ಮುಂಬಯಿಯಲ್ಲಿ ಸಿನಿಮಾ ಕಲಿಯುತ್ತಿರುವ ನಮ್ಮವರ ಮಕ್ಕಳು. ಅವರಲ್ಲೊಬ್ಬಳು ಕೆಲವು ತಿಂಗಳ ಹಿಂದೆ ನಮ್ಮ ಮನೆಗೆ ಲ್ಯಾಪ್‌ಟಾಪ್ ತಂದು, ಇನ್ನೂ ಸಂಗೀತ ಕೂಡಿಸದ ತನ್ನ ಚಿತ್ರದ ಒಂಬತ್ತು ನಿಮಿಷ ತೋರಿಸಿದಳು. ನಾವು ನಾಲ್ಕು ಮಂದಿ ನೋಡಿದೆವು. "ಚೆನ್ನಾಗಿದೆಯಮ್ಮಾ" ಎಂದೆವು. ಫಿಲ್ಟರ್ ಕಾಫಿ ಬಂತು. ಅವಳು ಲೋಟ ಹಿಡಿದು, "ಅಂಕಲ್, ಎಲ್ಲಿ ಬೇಜಾರಾಯಿತು ಅಂತ ಹೇಳಿ" ಎಂದಳು. ನಮ್ಮಲ್ಲಿ ಯಾರಿಗೂ ತಕ್ಷಣ ಬಾಯಿ ಬರಲಿಲ್ಲ. ಆರನೆಯ ನಿಮಿಷದಲ್ಲಿ ನಾನು ಗಡಿಯಾರ ನೋಡಿದ್ದು ನಿಜ, ಹೇಳಲಿಲ್ಲ. ಅವಳ ಸಂಕಲನ ಇನ್ನೂ ಮುಗಿದಿಲ್ಲವಂತೆ. ಬರುವ ಭಾನುವಾರ ಮತ್ತೆ ಬಾ ಎಂದು ಹೇಳಿ ಕಳುಹಿಸಿದ್ದೇನೆ.